ಪಲ್ಪರ್ ನೀರಿನ ದೀಪ

ಭಾವ ಪಲ್ಪರ್ ತೊಟ್ಟಿಗೆ ಇಳಿದಾಗ ನಾನು ಅಲ್ಲಿರಲಿಲ್ಲ. ಮೊದಲು ನಡೆದದ್ದನ್ನು ಅಕ್ಕ ಮತ್ತು ತೋಟದ ಲೆಕ್ಕಪತ್ರ ನೋಡುವ ರೈಟರ್ ಹೇಳಿದಂತೆ ಬರೆಯುತ್ತಿದ್ದೇನೆ. ಆಮೇಲಿನದು ನಾನೇ ಕಂಡದ್ದು.

ಸಿದ್ದಾಪುರದಿಂದ ಸ್ವಲ್ಪ ಒಳಗೆ ಅಕ್ಕ, ಭಾವನ ಕಾಫಿ ತೋಟ. ಪತ್ರಿಕೆಯ ಕೆಲಸದಿಂದ ನಿವೃತ್ತಿಯಾದ ಮೇಲೆ ಪ್ರತಿ ವರ್ಷ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೊತ್ತಿಗೆ ನಾನು ಅಲ್ಲಿಗೆ ಹೋಗುತ್ತೇನೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವೇ ಪಲ್ಪರ್. ಅದಕ್ಕೆ ಹರಿಸಿದ ನೀರೆಲ್ಲ ಕಂದು ಬಣ್ಣಕ್ಕೆ ತಿರುಗಿ, ಹುಳಿನಾತ ಹೊಡೆಯುತ್ತ ಹೊರಗೆ ಬರುತ್ತದೆ. ತೋಡಿಗೆ ಬಿಟ್ಟರೆ ಮೀನು ಸಾಯುತ್ತವೆ, ಕೆಳಗಿನವರು ಜಗಳಕ್ಕೆ ಬರುತ್ತಾರೆ. ಅದಕ್ಕಾಗಿ ಭಾವ ನೆಲದೊಳಗೆ ಆಳವಾದ ಸಿಮೆಂಟು ತೊಟ್ಟಿ ಕಟ್ಟಿಸಿದ್ದರು.

ಆ ವರ್ಷ ತೊಟ್ಟಿಗೆ ಇನ್ನೊಂದು ಕೆಲಸ ಸಿಕ್ಕಿತ್ತು. ಅಕ್ಕನ ಗೆಳತಿಯ ಮಗಳು ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಕೊಳಕು ನೀರಿನಿಂದ ವಿದ್ಯುತ್ ತೆಗೆಯುವ ಮೈಕ್ರೋಬಿಯಲ್ ಫ್ಯೂಯೆಲ್ ಸೆಲ್ ಅವಳ ವಿಷಯ. ತಳದ ಕೆಸರಿನ ಸೂಕ್ಷ್ಮಜೀವಿಗಳು ನೀರಿನಲ್ಲಿರುವ ಸಕ್ಕರೆ ತಿನ್ನುತ್ತವೆ, ತಿನ್ನುವಾಗ ಹೊರಬೀಳುವ ಎಲೆಕ್ಟ್ರಾನುಗಳನ್ನು ಅಲ್ಲಿ ಹೂತಿಟ್ಟ ಕಾರ್ಬನ್ ಬಟ್ಟೆಗೆ ಕೊಡುತ್ತವೆ, ಅವು ತಂತಿ ಹಿಡಿದು ತೊಟ್ಟಿಯ ಹೊರಗೆ ಗಾಳಿಗೆ ತೆರೆದಿಟ್ಟ ನೀರಿನ ಡ್ರಮ್ಮಿನವರೆಗೆ ಹರಿಯುತ್ತವೆ ಎಂದು ಅವಳು ಊಟದ ಮೇಜಿನ ಮೇಲೆ ಚಮಚ, ಲೋಟ ಜೋಡಿಸಿ ವಿವರಿಸಿದ್ದಳು. ಭಾವ ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಇನ್ನು ಕರೆಂಟಿನವರೇ ಬಂದು ನಮಗೆ ಬಿಲ್ಲು ಕಟ್ಟಬೇಕು" ಎಂದಿದ್ದರು.

ಸಿಕ್ಕ ವಿದ್ಯುತ್ತು ಒಂದು ಪುಟ್ಟ ಎಲ್‌ಇಡಿ ದೀಪಕ್ಕೆ ಸಾಕಾಗುವಷ್ಟು. ಅದೂ ಬಿಡದೆ ಉರಿಯುತ್ತಿರಲಿಲ್ಲ, ಕೂಡಿಟ್ಟುಕೊಂಡು ಮಿಟುಕುತ್ತಿತ್ತು. ಬಿಸಿಲಿನಲ್ಲಿ ಕಾಣುವುದಿಲ್ಲವೆಂದು ಅವಳು ದೀಪವನ್ನು ನೀರು ಹೋಗದ ಗಾಜಿನ ಸೀಸೆಯಲ್ಲಿಟ್ಟು ತೊಟ್ಟಿಯ ಒಳಗೋಡೆಯಲ್ಲೇ ಕೆಳಗೆ ಸಿಕ್ಕಿಸಿದಳು. ಬಾಯಿಗೆ ಹಲಗೆ ಹಾಸಿ ಮೇಲೆ ಟಾರ್ಪಾಲ್ ಬಿಗಿಸಿ, ಒಳಗೆ ಗಾಳಿ ಆಡಬಾರದು, ತೆಗೆಯಬೇಡಿ ಎಂದು ಹೇಳಿಹೋದಳು. ನಾತ ತಪ್ಪಿತಲ್ಲ ಎಂದು ಅಕ್ಕನಿಗೂ ಖುಷಿಯಾಗಿತ್ತು.

ಆ ಕಡೆ ಬಾವಿಯ ಹೂಳೆತ್ತಲು ಇಳಿಯುವ ಮುಂಚೆ ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ. ಉರಿಯುತ್ತಿದ್ದರೆ ಇಳಿಯಬಹುದು. ಭಾವ ಇದನ್ನು ತಮ್ಮ ಅಪ್ಪನಿಂದ ಕಲಿತಿದ್ದರು. ಅವರ ತೋಟದಲ್ಲಿ ಲಾಟೀನು ಇಳಿಸದೆ ಯಾರೂ ಬಾವಿಗೆ ಕಾಲಿಟ್ಟದ್ದಿಲ್ಲ.

ಆ ದಿನ ಬೆಳಿಗ್ಗೆ ತೊಟ್ಟಿಯ ಹೊರಪೈಪಿಗೆ ಸಿಪ್ಪೆ ಸಿಕ್ಕಿಕೊಂಡು ನೀರು ಹಿಂದಕ್ಕೆ ಉಕ್ಕಿತು. ಪಲ್ಪರ್ ನಿಂತಿತು. ಕೊಯ್ದ ಹಣ್ಣು ಕಣದಲ್ಲಿ ರಾಶಿ ಬಿದ್ದಿತ್ತು; ಸಂಜೆಯೊಳಗೆ ಸಿಪ್ಪೆ ಬಿಡಿಸದಿದ್ದರೆ ಹುಳಿ ಹಿಡಿದು ಹಾಳು. ನಾನು ಜೀಪು ತೆಗೆದುಕೊಂಡು, ಅಳತೆ ನೋಡಲು ಬಸ್ಸಿನಲ್ಲಿ ಬರುತ್ತಿದ್ದ ಆ ಹುಡುಗಿಯನ್ನು ಕರೆತರಲು ಸಿದ್ದಾಪುರಕ್ಕೆ ಹೋಗಿದ್ದೆ. ಅವಳು ಬರುವವರೆಗೆ ಕಾಯುವಷ್ಟು ವ್ಯವಧಾನ ಭಾವನಿಗಿರಲಿಲ್ಲ. ಪಂಪು ಹಚ್ಚಿ ನೀರು ಖಾಲಿ ಮಾಡಿಸಿ, ಹಲಗೆ ತೆಗೆಸಿದರು. ತಳದಲ್ಲಿರುವ ಪೈಪಿನ ಬಾಯಿಯಿಂದ ಸಿಪ್ಪೆಯನ್ನು ಕೈಯಿಂದಲೇ ಬಗೆದು ತೆಗೆಯಬೇಕಿತ್ತು.

ರೈಟರ್ ಲಾಟೀನು ತರಲು ಹೊರಟರು. ಭಾವ ಅವರನ್ನು ತಡೆದರು.

"ಲಾಟೀನು ಎಂತಕ್ಕೆ ಮಾರಾಯ್ರೇ? ಒಳಗೆ ದೀಪ ಉರೀತಾ ಉಂಟಲ್ಲ, ಕಾಣೂದಿಲ್ವಾ?"

ರೈಟರ್ ಬಗ್ಗಿ ನೋಡಿದರು. ನೀರು ಹೋದರೂ ತಳದ ಕೆಸರು ಹಾಗೇ ಇತ್ತು, ದೀಪ ಮಿಟುಕುತ್ತಿತ್ತು. ಅವರಿಗೂ ಅದು ಸರಿಯೆನಿಸಿತು. ಕಬ್ಬಿಣದ ಮೆಟ್ಟಿಲು ಪಾಚಿಗಟ್ಟಿ ಜಾರುತ್ತಿದ್ದುದರಿಂದ ಸೊಂಟಕ್ಕೊಂದು ಹಗ್ಗ ಮಾತ್ರ ಕಟ್ಟಿಕೊಂಡು ಭಾವ ಇಳಿದರು.

ನಮ್ಮ ಜೀಪು ಕಣದ ಪಕ್ಕ ನಿಂತದ್ದು ಆಗಲೇ. ಅಕ್ಕ ನಗುತ್ತ ಎದುರು ಬಂದು, ಹುಡುಗಿಗೆ, "ನಿನ್ನ ದೀಪ ಇವತ್ತು ಕೆಲಸಕ್ಕೆ ಬಂತು ನೋಡು. ಅಂಕಲ್ ಅದನ್ನು ನೋಡಿಯೇ ತೊಟ್ಟಿಗೆ ಇಳಿದ್ರು, ಲಾಟೀನೇ ಬೇಡ ಅಂತ" ಎಂದಳು.

ಹುಡುಗಿ ಒಂದು ಕಾಲು ಜೀಪಿನಲ್ಲಿ, ಒಂದು ಕಾಲು ನೆಲದಲ್ಲಿ ಹಾಗೇ ನಿಂತಳು.

"ಆಂಟಿ, ಅದು ಗಾಳಿಯಿಂದ ಉರಿಯೋ ದೀಪ ಅಲ್ಲ. ಕೆಳಗೆ ಗಾಳಿ ಇಲ್ಲ ಅಂತಲೇ ಅದು ಉರೀತಿರೋದು."

ಅಕ್ಕನಿಗೆ ಅದು ಅರ್ಥವಾಗಲು ಹಿಡಿದ ಹೊತ್ತನ್ನು ನಾನು ಅವಳ ಮುಖದಲ್ಲಿ ನೋಡಿದೆ. ಆಮೇಲೆ ಮೂವರೂ ಓಡಿದೆವು.

ರೈಟರ್ ತೊಟ್ಟಿಯ ಬಾಯಲ್ಲಿ ಮೊಣಕಾಲೂರಿ, "ಸಾರ್, ಸಾರ್" ಎಂದು ಕರೆಯುತ್ತಿದ್ದರು. ನಾನು ನೋಡಿದೆ. ಭಾವ ಕೆಸರಿನಲ್ಲಿ ಗೋಡೆಗೊರಗಿ ಕುಳಿತಿದ್ದರು. ಗಲ್ಲ ಎದೆಗೆ ತಾಗಿತ್ತು. ದೀಪ ಅವರ ಭುಜದ ಹತ್ತಿರವೇ ಇತ್ತು. ಮಿಟುಕಿದಾಗ ಒಂದು ಕಿವಿ, ನೆರೆತ ಕೂದಲು ಕಾಣುತ್ತಿತ್ತು, ಮತ್ತೆ ಕತ್ತಲೆ. ಎರಡು ಮಿಟುಕುಗಳ ನಡುವೆ ತಲೆ ಸ್ವಲ್ಪವಾದರೂ ಅಲುಗಿದೆಯೇ ಎಂದು ಹೋಲಿಸಿ ನೋಡುತ್ತಿದ್ದೆ. ಅಲುಗಿರಲಿಲ್ಲ.

ರೈಟರ್ ಚಪ್ಪಲಿ ಕಳಚಿ ಮೆಟ್ಟಿಲಿಗೆ ಕಾಲು ಹಾಕಿದರು. ಹುಡುಗಿ ಅವರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆಳೆದಳು. "ನೀವು ಇಳಿದ್ರೆ ಇಬ್ಬರಾಗ್ತಾರೆ. ಹಗ್ಗ ಹಿಡೀರಿ."

ಅಷ್ಟರಲ್ಲಿ ಅಕ್ಕ ಸೀರೆ ಎತ್ತಿಕಟ್ಟಿದ್ದಳು. ನಾನು ಅವಳನ್ನು ಹಿಂದಿನಿಂದ ಅಪ್ಪಿ ಹಿಡಿದೆ. ಇಂಥ ಸುದ್ದಿಗಳನ್ನು ನಾನು ಡೆಸ್ಕಿನಲ್ಲಿ ತಿದ್ದಿದ್ದೇನೆ. ಮೊದಲ ಆವೃತ್ತಿಯಲ್ಲಿ ಇಳಿದವನೊಬ್ಬನೇ ಇರುತ್ತಾನೆ. ಕೊನೆಯ ಆವೃತ್ತಿಯ ಹೊತ್ತಿಗೆ ಎತ್ತಲು ಹೋದ ಮನೆಯವರೂ ಸೇರಿ ತಲೆಬರಹ ಬದಲಾಗಿರುತ್ತದೆ. ಅಕ್ಕ ಮೊಣಕೈಯಿಂದ ನನ್ನ ಪಕ್ಕೆಗೆ ಗುದ್ದಿದಳು. "ಬಿಡು. ಅವರು ಒಬ್ಬರೇ ಇದ್ದಾರೆ ಅಲ್ಲಿ" ಎಂದಳು. ನಾನು ಬಿಡಲಿಲ್ಲ. ಭಾವ ಸತ್ತರೆ ಅವಳು ಈ ಹಿಡಿತವನ್ನು ಎಂದೂ ಮರೆಯುವುದಿಲ್ಲ ಎಂಬುದೂ ಆ ಕ್ಷಣದಲ್ಲಿ ತಲೆಗೆ ಹೊಳೆದಿತ್ತು.

ಹಣ್ಣು ಆರಿಸುತ್ತಿದ್ದ, ತೋಟದ ಲೈನುಮನೆಗಳ ಕೂಲಿ ಹೆಂಗಸರು ಓಡಿಬಂದು ಹಗ್ಗಕ್ಕೆ ಕೈ ಹಾಕಿದರು. ಎಳೆದರು. ಹಗ್ಗ ಬಿಗಿಯಿತು, ಭಾವ ಮೇಲೇಳಲಿಲ್ಲ. ಕೆಳಗಿನ ಮೆಟ್ಟಿಲೊಂದರ ಅಡಿಯಲ್ಲಿ ಹಗ್ಗ ಸಿಕ್ಕಿತ್ತು. ಇನ್ನೂ ಜಗ್ಗಿದರೆ ತುಂಡಾಗಬಹುದಿತ್ತು. ಸಡಿಲ ಬಿಡಿ ಎಂದು ಹುಡುಗಿ ಹೇಳಿದಾಗ ಅವರಿಗೆ ಬಿಡಲು ಮನಸ್ಸಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು. ಯಾರೋ ಕಿತ್ತಳೆ ಕೊಯ್ಯುವ ದೋಟಿ ತಂದುಕೊಟ್ಟರು. ಅವಳು ಬಾಯಿ, ಮೂಗಿಗೆ ವೇಲು ಸುತ್ತಿಕೊಂಡು, ತಲೆ ಒಳಗೆ ಚಾಚದೆ, ದೋಟಿಯ ಕೊಕ್ಕೆಯನ್ನು ಅಂದಾಜಿನ ಮೇಲೆ ಆಡಿಸಿದಳು. ಕೊಕ್ಕೆ ಕಬ್ಬಿಣಕ್ಕೆ ಬಡಿಯುವ ಸದ್ದು ಮಾತ್ರ ಕೇಳುತ್ತಿತ್ತು. ಅಕ್ಕ ಗುದ್ದುವುದನ್ನು ನಿಲ್ಲಿಸಿದ್ದಳು. ಅದು ನನಗೆ ಗುದ್ದಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹಗ್ಗ ಬಿಟ್ಟುಕೊಂಡಿತು. ಹೆಂಗಸರು ಎಳೆದರು.

ಗಾಳಿ ಬೀಸುವ ಕಡೆ ಟಾರ್ಪಾಲಿನ ಮೇಲೆ ಮಲಗಿಸಿದಾಗ ಭಾವನ ತುಟಿ ನೀಲಿಯಾಗಿತ್ತು. ಹುಡುಗಿ ಎದೆಯನ್ನು ಒತ್ತತೊಡಗಿದಳು. ಬಹಳ ಹೊತ್ತಾಯಿತೋ ಸ್ವಲ್ಪವೋ ನನಗೆ ಹೇಳಲಾಗದು. ಗಡಿಯಾರ ನೋಡುವ ಅಭ್ಯಾಸ ಅಂದು ಕೈಕೊಟ್ಟಿತು. ಒಂದು ಕೆಮ್ಮು ಬಂತು. ಆಮೇಲೆ ವಾಂತಿ. ಅಕ್ಕ ಅದನ್ನು ಅಂಗೈಯಲ್ಲೇ ಬಾಚಿ ಅವರ ಬಾಯಿ ಚೊಕ್ಕ ಮಾಡಿದಳು.

ಆಸ್ಪತ್ರೆಯಲ್ಲಿ ಸಂಜೆಯಾದರೂ ಆಮ್ಲಜನಕದ ಮಾಸ್ಕ್ ತೆಗೆದಿರಲಿಲ್ಲ. ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅಕ್ಕ ಮಂಚ ಬಿಟ್ಟು ಏಳಲಿಲ್ಲ. ಭಾವ ಕಣ್ಣು ಮುಚ್ಚಿದಾಗಲೆಲ್ಲ ಭುಜ ಮುಟ್ಟಿ ಎಚ್ಚರಿಸುತ್ತಿದ್ದಳು. ಕೊನೆಗೆ ಅವರು ಮುಖದ ಮೇಲಿನ ಮಾಸ್ಕನ್ನು ಸ್ವಲ್ಪ ಸರಿಸಿ, "ನಿದ್ದೆ ಮಾಡ್ಲಿಕ್ಕೆ ಬಿಡು ಮಾರಾಯ್ತಿ" ಎಂದರು.

"ನಾಳೆ ಮಾಡಿ" ಎಂದಳು ಅಕ್ಕ. "ಈಗ ಮಾತಾಡ್ತಾ ಇರಿ. ಎಂತಾದ್ರೂ ಸರಿ."

ಭಾವ ಸ್ವಲ್ಪ ಯೋಚಿಸಿದರು. ಆಮೇಲೆ ಕಣದಲ್ಲಿ ಬಿದ್ದ ಹಣ್ಣು ಇಷ್ಟು ಹೊತ್ತಿಗೆ ಹುಳಿ ಬಂದಿರುತ್ತದೆ ಎಂದು ರೈಟರನ್ನು ಬೈಯಲು ಶುರುಮಾಡಿದರು. ಮಾತು ನಡುವೆ ಎಲ್ಲಿಯೂ ನಿಲ್ಲದಂತೆ ಅಕ್ಕ ಹೂಂಗುಟ್ಟುತ್ತಿದ್ದಳು.