ಬಣ್ಣದ ಗುಂಡಿಗೆ ಯಾವ ಗಾಳಿ

ಗಾಳಿಯಲ್ಲಿ ಎರಡು ಜಾತಿ: ಧೈರ್ಯದ್ದು, ಪುಕ್ಕಲಿನದು. ವಿಜ್ಞಾನದ ಮೇಷ್ಟರು ಇದನ್ನು ಒಪ್ಪಲಿಕ್ಕಿಲ್ಲ. ಆದರೆ ಅವರು ಬಣ್ಣದ ಬಂದೂಕಿಗೆ ಗಾಳಿ ಆರಿಸಲು ಕೂತವರಲ್ಲ.

ಎಂಬತ್ತರ ದಶಕದ ಕೊನೆಯಿರಬೇಕು, ನಿಪ್ಪಾಣಿಯಲ್ಲಿ. ಅಣ್ಣ ತೀರಿಕೊಂಡ ಮೇಲಿನ ಮೊದಲ ರಂಗಪಂಚಮಿ. ಸಾವಾದ ಮನೆಗೆ ಆ ದಿನ ಬೀಗರು, ನೆರೆಯವರು ಬಂದು ಎಲ್ಲರಿಗೂ ಬಣ್ಣ ಹಚ್ಚುತ್ತಾರೆ. ದುಃಖ ಅಲ್ಲಿಗೆ ಮುಗಿಯಿತೆಂದು ಅರ್ಥ. ಎಲ್ಲರಿಗೂ ಅಂದರೆ, ತೀರಿಕೊಂಡವನ ಹೆಂಡತಿಯನ್ನು ಬಿಟ್ಟು. ನಮ್ಮ ಸುಮಿತ್ರಾ ವೈನಿ, ಅಂದರೆ ಅತ್ತಿಗೆಯ, ದುಃಖ ಮುಗಿಯುವ ಏರ್ಪಾಡೇ ಇರಲಿಲ್ಲ. ವಿಧವೆಗೆ ಯಾರ ಕೈಯೂ ಬಣ್ಣ ಹಚ್ಚಬಾರದು, ಸರಿ. ಬಂದೂಕು ಹಚ್ಚಬಹುದೇ? ಅದರ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ.

ಬಂದೂಕಿನ ನಳಿಗೆಗೆ ನೀರಿನ ಪೈಪು ಸಿಕ್ಕಿತು, ಬಣ್ಣ ತುಂಬಿದ ತೆಳು ಮೇಣದ ಗುಂಡುಗಳೂ ಸಿದ್ಧವಾದವು. ಉಳಿದದ್ದು ಗಾಳಿ. ಸೈಕಲ್ ಅಂಗಡಿಯ ಗೆಳೆಯ ದಸ್ತಗೀರ ಪಕ್ಕದ ಸೋಡಾ ಅಂಗಡಿಯ ಸಿಲಿಂಡರಿನ ಕಡೆ ಕೈ ಮಾಡಿದ.

"ಪಂಪಿನ ಗಾಳಿ ಏನ್ ಮಾಡ್ತೈತಲೇ? ಸೋಡಾ ಗ್ಯಾಸ್ ತುಂಬು. ಗುಂಡು ಸೀದಾ ಕೊಲ್ಹಾಪುರ ಮುಟ್ಟತೈತಿ."

"ಕೊಲ್ಹಾಪುರ ಬ್ಯಾಡೋ ಮಾರಾಯಾ, ವೈನೀನ್ನ ಮುಟ್ಟಿದ್ರ ಸಾಕು."

"ಮುಟ್ಟಬೇಕಂದ್ರ ಜೋರ್ ಬೇಕಪಾ."

ಗೋಡೆಗೆ ಒಂದು ಹೊಡೆದು ತೋರಿಸಿದ. ಸುಣ್ಣ ಉದುರಿತು, ಪೈಪು ಹಿಡಿಯಲಾರದಷ್ಟು ತಣ್ಣಗಾಯಿತು. ಪ್ರೀತಿ ಇಷ್ಟು ಜೋರಾಗಿ ಬಡಿಯಬಾರದು ಅನ್ನಿಸಿ ನಾನು ಪಂಪಿನ ಗಾಳಿಯನ್ನೇ ಆರಿಸಿದೆ.

ವೈನಿ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದರು. ಅಂಗಳದಲ್ಲಿ ಎಲ್ಲರೂ ಕೆಂಪಾಗಿದ್ದರು. ಅಥವಾ ಹಸಿರಾಗಿದ್ದರು. ನೆನಪು ನಾನು ಕೇಳಿದ ಬಣ್ಣವನ್ನೇ ಕೊಡುತ್ತದೆ, ಆದ್ದರಿಂದ ಅದನ್ನು ನಂಬುವುದಿಲ್ಲ. ಬಂದೂಕು ಕೆಮ್ಮಿತು. ಗುಂಡು ವೈನಿಯಿಂದ ಒಂದು ಮಾರು ಈಚೆ ಬಿದ್ದು ಒಡೆಯಿತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವೈನಿ ಇಳಿದು ಬಂದರು. ಬಗ್ಗಿ, ನೆಲದ ಮೇಲಿನ ಬಣ್ಣದಲ್ಲಿ ಬೆರಳದ್ದಿದರು.

"ಅಷ್ಟ ದೂರ ನಿಂತು ಯಾಕ್ರಿ ಭಾವೋಜಿ? ನಾ ಏನ್ ಹುಲಿ ಅದೀನೇನ್?"

ಹಾಗೆನ್ನುತ್ತ ಅಂಗಳ ದಾಟಿ ಬಂದು ನನ್ನ ಕೆನ್ನೆಗೆ ಹಚ್ಚಿದರು. ಆ ಕೈಗೆ ಯಾವ ಗಾಳಿಯ ಹಂಗೂ ಇರಲಿಲ್ಲ. ವೈನಿ ಕೈ ತೊಳೆಯಲು ಹಿತ್ತಲಿಗೆ ಹೋದರು.

ಯಾವ ಕೆನ್ನೆಗೆ ಹಚ್ಚಿದರು ಎಂದು ಈಗ ಕೇಳಿದರೆ ಎರಡೂ ಕೆನ್ನೆಗಳು 'ನನಗೇ' ಎನ್ನುತ್ತವೆ. ವೈನಿಯ ಕೆನ್ನೆ ಖಾಲಿಯೇ ಉಳಿಯಿತು ಎಂಬುದರಲ್ಲಿ ಮಾತ್ರ ನೆನಪಿಗೂ ನನಗೂ ತಕರಾರಿಲ್ಲ.