ಐದನೇ ಯಾತ್ರೆಯ ಉಡಿ

ಅತ್ತೆಯ ಚೀಲದ ಹಿಡಿಕೆಗೆ, ಮುಗಿಸಿದ ಒಂದೊಂದು ಯಾತ್ರೆಗೆ ಒಂದರಂತೆ, ಕೆಂಪು ಉಲ್ಲನ್ ದಾರದ ನಾಲ್ಕು ಗಂಟುಗಳಿದ್ದವು. ಮೊದಲನೆಯದು ಬಿಸಿಲಿಗೆ ಬಿಳಿಚಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯದು ಇನ್ನೂ ಕೆಂಪಾಗಿಯೇ ಇತ್ತು. ನನ್ನ ಚೀಲಕ್ಕೆ ಗಂಟು ಇರಲಿಲ್ಲ. ಹಾಗಾಗಿ ಅದನ್ನು ಬಸ್ಸಿನ ಟಾಪಿನ ಮೇಲೆ, ನೀರು ಕಾಯಿಸುವ ಹಂಡೆಯ ಪಕ್ಕದಲ್ಲಿಟ್ಟು ಹಗ್ಗ ಬಿಗಿದರು. ಗಂಟಿದ್ದ ಚೀಲಗಳು ಬಸ್ಸಿನೊಳಗೆ ಹೋದವು.

ಬಸವನ ಬಾಗೇವಾಡಿಯಿಂದ ಪ್ರತಿ ಬೇಸಿಗೆಯಲ್ಲಿ ಹೊರಡುತ್ತಿದ್ದ ಯಾತ್ರೆಯ ಬಸ್ಸು ಅದು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯವರೆಲ್ಲ ಹಿಂದಿನ ದಿನವೇ ಬಂದು ಬಸ್ಸಿನ ಮಾಲೀಕರ ಅಂಗಳದಲ್ಲಿ ಉಳಿದು, ಬೆಳಿಗ್ಗೆ ಒಟ್ಟಿಗೆ ಹೊರಡುತ್ತಿದ್ದರು. ತುಳಜಾಪುರ, ನಾಸಿಕ, ತ್ರ್ಯಂಬಕ, ಕೊನೆಗೆ ಪಂಢರಪುರ. ಅಡುಗೆಯವರು, ಜೋಳದ ಹಿಟ್ಟು, ಖಾರದಪುಡಿ ಎಲ್ಲ ಬಸ್ಸಿನಲ್ಲೇ. ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಮಸೂತಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ, ಹಾಗಾಗಿ ಎಲ್ಲರಿಗೂ ಅಕ್ಕೋರು. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು, ಅಲ್ಲಿಂದಲೇ ಓದಿ ನೌಕರಿ ಹಿಡಿದವರು. ಬೇಸಿಗೆ ರಜೆ ಬಿದ್ದ ಕೂಡಲೇ ಅವರು ಈ ಬಸ್ಸು ಹತ್ತುತ್ತಿದ್ದರು. ಬೇರೆ ಯಾವ ಬಸ್ಸನ್ನೂ ಹತ್ತುತ್ತಿರಲಿಲ್ಲ, ಏಕೆಂದರೆ ಮಾಲೀಕರು ಹಳೆಯ ಯಾತ್ರಿಕರಿಗೆ ಒಂದೊಂದು ವರ್ಷಕ್ಕೆ ಒಂದೊಂದು ಸವಲತ್ತು ಇಟ್ಟಿದ್ದರು.

ಎರಡನೇ ಸಲ ಬಂದವರಿಗೆ ಕಿಟಕಿಯ ಸೀಟು. ಮೂರನೇ ಸಲ ಬಂದವರಿಗೆ ಧರ್ಮಶಾಲೆಯಲ್ಲಿ ಕೆಳಗಿನ ಕೋಣೆ, ಹಂಡೆಯಿಂದ ಮೊದಲ ಬಕೆಟ್ ಬಿಸಿನೀರು. ನಾಲ್ಕಕ್ಕೆ ಚಾಲಕನ ಹಿಂದಿನ ಸಾಲು ಮತ್ತು ಮೊದಲ ಪಂಕ್ತಿಯ ಊಟ. ಐದನೇ ಯಾತ್ರೆ ಮುಗಿಸಿದವರಿಗೆ ಊರಿಗೆ ಮರಳಿದ ಸಂಜೆ ಎಲ್ಲರೆದುರು ಸನ್ಮಾನ. ಗಂಡಸರಿಗೆ ಶಾಲು, ಹೆಂಗಸರಿಗೆ ಉಡಿ. ಮಣೆಯ ಮೇಲೆ ಕೂರಿಸಿ, ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅಡಿಕೆ, ಕುಪ್ಪಸದ ಖಣ ಹಾಕಿ, ಕುಂಕುಮ ಹಚ್ಚಿ ಬಳೆ ತೊಡಿಸುವುದು.

ಧಾರವಾಡದಲ್ಲಿ ಎಂ.ಎ. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಬೇಸಿಗೆಯಲ್ಲಿ, ಅತ್ತೆಯ ಐದನೇ ಯಾತ್ರೆಗೆ ನಾನೂ ಹೋದೆ. ಹೊರಡುವ ಮೊದಲು ಮನೆಯಲ್ಲಿ ಕೇಳಿದ್ದೆ.

"ಅತ್ತೀ, ಒಂದು ಬಕೀಟು ಬಿಸಿನೀರಿಗೆ ಐದು ಸಲ ಅದಽ ಊರಿಗೆ ಹೋಗ್ತಿಯೇನು?"

"ನಿಮ್ಮ ಹಾಸ್ಟೆಲಿನ್ಯಾಗ ಬಿಸಿನೀರು ಸಿಗ್ತಿತ್ತೇನು?"

"ಇಲ್ಲ."

"ಮತ್ತ ಸುಮ್ನ ಕುಂದ್ರು."

ಮೊದಲ ಸಲದವಳಾದ ನನಗೆ ಹಿಂದಿನ ಚಕ್ರದ ಮೇಲಿನ ಕೊನೆಯ ಸಾಲು. ಪಕ್ಕದಲ್ಲಿ ಆಲಮೇಲದ ಒಬ್ಬ ಅಜ್ಜಿ, ಅವರೂ ಮೊದಲ ಸಲದವರೇ. ಕುಲುಕಾಟಕ್ಕೆ ತಲೆ ಟಾಪಿಗೆ ಬಡಿದಾಗಲೆಲ್ಲ ಅವರು ಚಾಲಕನ ಮನೆಯವರನ್ನೆಲ್ಲ ನೆನೆಯುತ್ತಿದ್ದರು. "ಹಿಂದಿನ ಸೀಟಿನ್ಯಾಗ ಒಂದು ಲಾಭ ಐತಿ ನೋಡ ಯವ್ವಾ," ಅಂದರು ಒಮ್ಮೆ, "ಬೆನ್ನ ಹಿಂದ ಮಾತಾಡೂ ಮಂದಿ ಇರಂಗಿಲ್ಲ."

ನಾನು ಹೆಚ್ಚು ಮಾತನಾಡುವವಳಲ್ಲ, ನೋಡುವವಳು. ಆ ಹತ್ತು ಹನ್ನೆರಡು ದಿನ ಹಳಬರ ಸವಲತ್ತುಗಳನ್ನು ಹತ್ತಿರದಿಂದ ನೋಡಿದೆ. ಮೊದಲ ಬಕೆಟ್ ಬಿಸಿನೀರು ಬೇಕಿದ್ದರೆ ಎಲ್ಲರಿಗಿಂತ ಮೊದಲು ಏಳಬೇಕು. ಎದ್ದವರು ಉಳಿದವರನ್ನು ಎಬ್ಬಿಸಬೇಕು. ಮುಂದಿನ ಸೀಟಿಗೆ ಇಂಜಿನ್ನಿನ ಕಾವು ನೇರವಾಗಿ ಬಡಿಯುತ್ತಿತ್ತು, ಚಾಲಕನ ಬೀಡಿಯ ಹೊಗೆಯೂ ಅಲ್ಲಿಗೇ. ಅಲ್ಲಿ ಕುಳಿತವರೇ ಪ್ರತಿ ಊರಲ್ಲಿ ಜನರ ತಲೆ ಎಣಿಸಬೇಕು, ಸ್ನಾನಘಟ್ಟದಲ್ಲಿ ಹಿಂದುಳಿದವರನ್ನು ಹುಡುಕಿ ತರಬೇಕು, ಕಿಟಕಿಯ ಜಗಳ ಬಿಡಿಸಬೇಕು. ಮೊದಲ ಪಂಕ್ತಿಗೆ ಕುಳಿತವರು ಕಡಲೆಹಿಟ್ಟಿನ ಜುಣಕದ ಉಪ್ಪು ನೋಡಿ ಹೇಳಬೇಕು. ಉಪ್ಪು ಜಾಸ್ತಿಯಾದರೆ ಆ ದಿನದ ಬೈಗುಳವೂ ಅವರಿಗೇ. ಅತ್ತೆ ಇದನ್ನೆಲ್ಲ ಶಾಲೆಯ ಹಾಜರಿ ತೆಗೆದುಕೊಳ್ಳುವಷ್ಟೇ ಶಿಸ್ತಿನಿಂದ ಮಾಡುತ್ತಿದ್ದರು. ಮಾಲೀಕರು ಬಾಗಿಲಲ್ಲಿ ನಿಂತು "ಅಕ್ಕೋರು ಇದ್ರ ನನಗ ಚಿಂತಿನಽ ಇಲ್ಲ ನೋಡ್ರಿ. ಹಳೇ ಮಂದಿ ಅಂದ್ರ ಮನಿ ಮಂದಿ," ಎನ್ನುತ್ತಿದ್ದರು. ಸಂಬಳ ಕೊಡಬೇಕಾದ ಕೆಲಸಕ್ಕೆ ಅವರು ಸವಲತ್ತು ಎಂದು ಹೆಸರಿಟ್ಟಿದ್ದರು. ಇದು ಆಗಿನ ನನ್ನ ತೀರ್ಮಾನ, ಈಗಲೂ ಅದೇ.

ಮರಳಿ ಬರುವಾಗ ಇಂಡಿಯಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಇಂಡಿಯವರು ಅಲ್ಲೇ ಇಳಿದು ಮನೆಗೆ ಹೋಗಬಹುದಿತ್ತು. ಅಕ್ಕೋರ ಸನ್ಮಾನ ನೋಡಿಕೊಂಡೇ ಹೋಗುತ್ತೇವೆಂದು ಯಾರೂ ಚೀಲ ಇಳಿಸಲಿಲ್ಲ. ನಾನು ಬೇವಿನ ಗಿಡದ ಕೆಳಗೆ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಿದ್ದೆ. ಮಾಲೀಕರು ಬಂದು ಪಕ್ಕದಲ್ಲಿ ನಿಂತರು, ಮುಖ ನನ್ನ ಕಡೆಗಿರಲಿಲ್ಲ.

"ತಂಗೀ, ಒಂದು ಮಾತು. ಸಂಜಿಕ ನಿಮ್ಮ ಅತ್ತಿಯವರ ಉಡಿ ನೀವಽ ತುಂಬಿಸ್ಕೊಳ್ರಿ."

ನನಗೆ ತಕ್ಷಣ ಅರ್ಥವಾಗಲಿಲ್ಲ. "ಯಾಕ್ರಿ?"

"ಅಲ್ಲರಿ, ಅವರು... ನಿಮಗ ಗೊತ್ತೈತಲ್ಲ. ಇಲ್ಲೀಮಟ ಐದು ಮುಗಿಸಿದವರೆಲ್ಲ ಗಂಡ-ಹೆಂಡತಿ ಜೋಡೀಲೇ ಬಂದವರು. ನನಗ ಈ ವಿಚಾರನಽ ಬರಲಿಲ್ಲ. ನಿನ್ನಿ ಪಂಢರಪುರದಾಗ ಒಬ್ಬರು ಕೇಳಿದಾಗಽ ತಲ್ಯಾಗ ಬಂತು. ನೀವು ಹೆಂಗೂ ನಾಳೆ ಮದುವಿ ಆಗೂ ಹುಡುಗಿ, ನಿಮಗ ತುಂಬಿದ್ರ ಚಂದ."

"ಅತ್ತೀನ ಕೇಳಿ ಹೇಳ್ತೇನ್ರಿ."

"ಕೇಳಬಾರದಂತಽ ನಿಮಗ ಹೇಳಾಕತ್ತೇನ್ರಿ."

ಅವರು ಕೆಟ್ಟವರಲ್ಲ. ನಾಸಿಕದಲ್ಲಿ ನನಗೆ ಜ್ವರ ಬಂದಾಗ ಮಾತ್ರೆಗಾಗಿ ಮೂರು ಅಂಗಡಿ ತಿರುಗಿದವರು. ಆದರೂ ಬಸಿಯ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಹೆಣ್ಣು ಗಂಡು ಸಮ ಎಂಬ ಮಾತನ್ನು ಗೋಡೆಗೋಡೆಗೂ ಬರೆಸಿದ ಊರು ನಮ್ಮ ಬಾಗೇವಾಡಿ. ಸಣ್ಣವಳಿದ್ದಾಗ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಗೋಡೆಗಳಿಂದಲೇ.

ಬಸಿ ಅಲ್ಲೇ ಇಟ್ಟು ನೇರವಾಗಿ ಬಸ್ಸಿಗೆ ಹೋದೆ. ಅತ್ತೆ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತು ಸೆರಗಿನಿಂದ ಕನ್ನಡಕ ಒರೆಸುತ್ತಿದ್ದರು. ಮಾಲೀಕರು ಹೇಳಿದ್ದನ್ನು ಒಂದು ಮಾತೂ ಬಿಡದೆ ಹೇಳಿದೆ.

"ಗೊತ್ತಿತ್ತು," ಅಂದರು ಅತ್ತೆ.

"ಯಾವಾಗಿಂದ?"

"ಮೊದಲನೇ ವರ್ಷದಿಂದ. ಐದನೇದಕ್ಕ ಹೆಣಮಕ್ಕಳಿಗೆ ಉಡಿ ತುಂಬತೀವಿ ಅಂತ ಎಲ್ಲಾರಿಗೂ ಹೇಳಿದ್ರು. ನಾನೂ ಅಲ್ಲೇ ಕುಂತಿದ್ದೆ. ನಾ ಹೆಣಮಗಳು ಹೌದಿಲ್ಲೋ?"

"ಹಂಗಾರ ಅವತ್ತಽ ಕೇಳಬೇಕಿತ್ತು."

"ಅವತ್ತ ಕೇಳಿದ್ರ ಇಲ್ಲ ಅಂದು ಕೈ ಝಾಡಿಸಿಬಿಡ್ತಿದ್ರು. ಐದು ವರ್ಷ ಬಸ್ಸು ಹತ್ತಿಸ್ಕೊಂಡು, ನನ್ನ ಕಡೆ ಮಂದಿ ತಲಿ ಎಣಿಸ್ಕೊಂಡು ಈಗ ಇಲ್ಲ ಅನ್ನಲಿ ನೋಡೂನು. ಹಂಗ ಅನ್ನಾಕ ಮಾರಿ ಬೇಕಲ್ಲ."

ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ನಾ ಮಣಿ ಮ್ಯಾಲ ಕುಂದ್ರತೇನಿ. ತುಂಬೂದು ಬಿಡೂದು ಅವರ ಕೈಯಾಗೈತಿ. ನೀ ನನ್ನ ಬದಲಿ ಕುಂದ್ರಬ್ಯಾಡ, ಅಷ್ಟಽ."

ನನಗೆ ಸಿಟ್ಟು ಬಂದಿತ್ತು. ಮಾಲೀಕರ ಮೇಲೆ ಬಂದಷ್ಟೇ ಅತ್ತೆಯ ಮೇಲೂ. ಐದು ಬೇಸಿಗೆ. ಹಳೇಬೀಡು ನೋಡಬೇಕು, ಮೈಸೂರಿನ ಅರಮನೆ ನೋಡಬೇಕು ಎಂದು ಶಾಲೆಯ ಮಕ್ಕಳಿಗೆ ಚಿತ್ರ ತೋರಿಸಿ ಪಾಠ ಮಾಡುವವರು, ತಾವು ಮಾತ್ರ ವರ್ಷವರ್ಷವೂ ಅದೇ ಧರ್ಮಶಾಲೆಗಳಲ್ಲಿ ಮಲಗಿ ಬಂದಿದ್ದರು. ಒಂದು ಪ್ರಶ್ನೆ ಕೇಳಲು ಇಷ್ಟು ದೂರ ಪ್ರಯಾಣ ಮಾಡಬೇಕೇ? ಕೇಳಬೇಕೆನಿಸಿತು. ಅಷ್ಟರಲ್ಲಿ ಜನ ಬಸ್ಸು ಹತ್ತತೊಡಗಿದರು. ಅತ್ತೆ ಎದ್ದು ನಿಂತು ತಲೆ ಎಣಿಸಿದರು.

ಬಾಗೇವಾಡಿ ತಲುಪಿದಾಗ ಇನ್ನೂ ಬಿಸಿಲಿತ್ತು. ಮಾಲೀಕರ ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಅದರ ಮೇಲೊಂದು ಮಣೆ, ಮುಂದೆ ತಾಟು. ಕರೆದೊಯ್ಯಲು ಬಂದ ಮನೆಯವರೂ ಸೇರಿ ಅಂಗಳ ತುಂಬಿತ್ತು. ಅಪ್ಪ ಲೂನಾ ನಿಲ್ಲಿಸಿಕೊಂಡು ಬಾಗಿಲ ಹತ್ತಿರ ನಿಂತಿದ್ದರು. ಮಾಲೀಕರು ನಾಲ್ಕು ಒಳ್ಳೆಯ ಮಾತು ಆಡಿದರು, ಅಕ್ಕೋರ ಸೇವೆಯನ್ನು ಹೊಗಳಿದರು, ಚಪ್ಪಾಳೆಯಾಯಿತು. ಅವರ ಹೆಂಡತಿ ತಾಟು ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಬಾ ತಂಗೀ, ಕುಂದ್ರು."

ಎಲ್ಲರೂ ನನ್ನನ್ನು ನೋಡಿದರು. ಜನರೆದುರು ಮಾತನಾಡಬೇಕಾಗಿ ಬಂದರೆ ನನ್ನ ಕಿವಿ ಬಿಸಿಯಾಗುತ್ತವೆ, ಅವತ್ತೂ ಆದವು.

"ನನ್ನದು ಇದು ಮೊದಲನೇ ಯಾತ್ರೆರಿ," ಅಂದೆ. "ನಿಮ್ಮ ನಿಯಮದ ಪ್ರಕಾರ ನನಗ ಹಿಂದಿನ ಸೀಟಷ್ಟಽ. ಉಡಿ ಐದು ಮುಗಿಸಿದವರಿಗೆ."

ಅಷ್ಟರಲ್ಲಿ ಅತ್ತೆ ಚಪ್ಪಲಿ ಬಿಟ್ಟು ಬಂದು ಮಣೆಯ ಮೇಲೆ ಕುಳಿತಿದ್ದರು. ಶಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತಂತೆ, ಬೆನ್ನು ನೇರ.

ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು. "ಅಕ್ಕಾ, ಏಳು. ಮನಿಗೆ ಹೋಗೂನು."

"ನೀ ಗಾಡಿ ಚಾಲೂ ಮಾಡಿ ನಿಂದ್ರು. ಬರ್ತೇನಿ."

"ಅಕ್ಕೋರ," ಮಾಲೀಕರು ಕೈ ಹಿಸುಕಿಕೊಂಡರು, "ಶಾಲು ಹೊಚ್ಚತೀವಿ. ಚಲೋ ಶಾಲು ಐತ್ರಿ."

"ಶಾಲು ಗಂಡಸರಿಗಂತ ನೀವಽ ಹೇಳೀರಿ. ತುಂಬ್ರಿ. ತುಂಬಂಗಿಲ್ಲಂದ್ರ ಅದನ್ನೂ ಎಲ್ಲಾರ ಮುಂದ ಹೇಳ್ರಿ. ಸ್ನಾನಘಟ್ಟದಾಗ ಮಂದೀನ ಹುಡುಕಾಕ ನಾ ನಡೀತಿದ್ದೆ, ಉಡಿಗೆ ನಡ್ಯಂಗಿಲ್ಲಂತ ಹೇಳ್ರಿ. ಎದ್ದು ಹೋಗ್ತೇನಿ."

ಹಿಂದಿನಿಂದ ಆಲಮೇಲದ ಅಜ್ಜಿ ಕೂಗಿದರು. "ಮಾಲಕರ, ಬರೂ ವರ್ಷ ನಾ ಘಟ್ಟದಾಗ ಕಳಕೊಂಡ್ರ ನೀವು ಹುಡುಕ್ತೀರೇನು? ನಿಮಗ ನೀರಂದ್ರ ಹೆದರಿಕಿ ಅಂತಾರ." ಯಾರೋ ನಕ್ಕರು, ನಗು ಅಲ್ಲಲ್ಲಿ ಹಬ್ಬಿತು. ಎಲ್ಲರೂ ನಗಲಿಲ್ಲ. ಮುಂದೆ ಕುಳಿತಿದ್ದ ಸಿಂದಗಿಯ ಇಬ್ಬರು ಹೆಂಗಸರು ಎದ್ದು, ಮಕ್ಕಳನ್ನು ಎಳೆದುಕೊಂಡು ಆಚೆ ಹೋದರು.

ಮಾಲೀಕರ ಹೆಂಡತಿ ಗಂಡನನ್ನು ನೋಡಿದರು. ಆಮೇಲೆ ಅತ್ತೆಯನ್ನು ನೋಡಿದರು. ಮೊಣಕಾಲೂರಿ ಕುಳಿತು, "ಸೆರಗ ಒಡ್ರಿ ಅಕ್ಕೋರ," ಅಂದರು, ಹತ್ತಿರದವರಿಗಷ್ಟೇ ಕೇಳುವ ದನಿಯಲ್ಲಿ. ಬೊಗಸೆ ಅಕ್ಕಿ ಹಾಕಿದರು. ಕಾಯಿ, ಉತ್ತತ್ತಿ, ಅಡಿಕೆ, ಹಸಿರು ಖಣ. ಕುಂಕುಮದ ಬಟ್ಟಲಿನ ಹತ್ತಿರ ಹೋದ ಕೈ ಹಿಂದೆ ಬಂತು. ಬಳೆಗಳು ತಾಟಿನಲ್ಲೇ ಉಳಿದವು. ಅತ್ತೆ ಆ ಬಟ್ಟಲನ್ನೂ ಬಳೆಯನ್ನೂ ಒಮ್ಮೆ ನೋಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದರು.

ಹಳಬರಿಗೆ ಕೊಡುವ ಸವಲತ್ತಿನಿಂದ ಏನು ಉಪಯೋಗ ಎಂದು ಯಾರಾದರೂ ಕೇಳಿದರೆ ನಾನು ಇದನ್ನು ಹೇಳುವುದಿಲ್ಲ. ಹೇಳಿದರೆ ಕೇಳಿದವರು ಅತ್ತೆಯನ್ನು ಹೊಗಳುತ್ತಾರೆ, ನೋಡಿ, ಕೊನೆಗೂ ಸಿಕ್ಕಿತಲ್ಲ ಎನ್ನುತ್ತಾರೆ. ನಾನು ಹಾಗೆ ಅನ್ನಲಾರೆ. ಎಲ್ಲರಿಗೂ ಇದೆ ಎಂದು ಹೇಳಿದ ಒಂದು ಬೊಗಸೆ ಅಕ್ಕಿಯನ್ನು ಪಡೆಯಲು ಒಬ್ಬ ಹೆಂಗಸು ಐದು ವರ್ಷ ದುಡಿಯಬೇಕಾಯಿತು. ಬಳೆ ತಾಟಿನಲ್ಲೇ ಉಳಿಯಿತು. ಆ ವ್ಯವಹಾರ ಸರಿಯಿರಲಿಲ್ಲ. ಅತ್ತೆ ಮಾಡಿದ್ದು ಸರಿ, ವ್ಯವಹಾರ ತಪ್ಪು. ಇವೆರಡನ್ನೂ ಒಟ್ಟಿಗೆ ಹೇಳಲು ನನಗೆ ಯಾವ ಅಳುಕೂ ಇಲ್ಲ.

ಉಡಿಯ ಅಕ್ಕಿಯನ್ನು ಮನೆಯಲ್ಲಿ ಬೇಯಿಸಿ ಎಲ್ಲರೂ ಉಣ್ಣುವುದು ನಮ್ಮಲ್ಲಿ ರೂಢಿ. ನನ್ನ ಚಿಕ್ಕಮ್ಮನ ಮದುವೆಯ ಉಡಿಯಕ್ಕಿಯನ್ನು ಹಾಗೆಯೇ ಉಂಡಿದ್ದೆವು. ಮನೆಗೆ ಬಂದು ಅತ್ತೆ ಸೆರಗು ಬಿಚ್ಚಿ, ಎಲ್ಲವನ್ನೂ ಖಣದಲ್ಲಿ ಗಂಟು ಕಟ್ಟಿ ಕೊಟ್ಟಾಗ ಅವ್ವ ಅದನ್ನು ಅಡುಗೆಮನೆಗೆ ಒಯ್ಯಲಿಲ್ಲ. ಪಡಸಾಲೆಯ ಗೂಡಿನಲ್ಲಿಟ್ಟು, "ಇವತ್ತ ಇಲ್ಲೇ ಇರಲಿ," ಅಂದರು. ಅತ್ತೆ ತಲೆಯಾಡಿಸಿ ಕೈಕಾಲು ತೊಳೆಯಲು ಹೋದರು. ಅಪ್ಪ ಪತ್ರಿಕೆಯಿಂದ ಮುಖ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ನೀರಿಗೆ ಹೋದಾಗ ಗೂಡಿನಿಂದ ಗಂಟು ಇಳಿಸಿದೆ. ಅಕ್ಕಿಯನ್ನು ಮೊರಕ್ಕೆ ಹಾಕಿ ಕಲ್ಲು ಆರಿಸಿದೆ, ತೊಳೆದು ಒಲೆಯ ಮೇಲಿಟ್ಟೆ, ಕಾಯಿ ಒಡೆದು ತುರಿದೆ, ಬೆಲ್ಲ ಹಾಕಿದೆ. ಅವ್ವ ಬಿಂದಿಗೆಯೊಂದಿಗೆ ಒಳಗೆ ಬಂದು ಬಾಗಿಲಲ್ಲೇ ನಿಂತರು. "ಯಾವ ಅಕ್ಕಿ ಅದು?"

"ಅತ್ತೀ ಉಡಿ ಅಕ್ಕಿ."

ಅವ್ವ ಬಿಂದಿಗೆ ಇಳಿಸಲಿಲ್ಲ, ಒಲೆಯನ್ನೂ ಆರಿಸಲಿಲ್ಲ. ನಾನು ನಾಲ್ಕು ತಾಟು ಹಾಕಿದೆ. ಅಪ್ಪನನ್ನು ಕರೆದು ಅವರ ತಾಟಿಗೆ ಮೊದಲು ಬಡಿಸಿ, ಅವರು ಅನ್ನಕ್ಕೆ ಕೈ ಹಾಕುವವರೆಗೂ ಎದುರಿಗೇ ಕುಳಿತೆ.