ಬೈರಾಗಿಯ ಒಪ್ಪಿಗೆ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಮೂಟೆಯಕ್ಕ ಎನ್ನುತ್ತಿದ್ದರು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ, ಆಳು ಕಡ್ಡಿಯ ಹಾಗಿದ್ದಳು. ಬೇರೆಯವರು ಬರೆದ ಪ್ರೋಗ್ರಾಮುಗಳನ್ನು ಮೂಟೆ ಕಟ್ಟುವುದು ಅವಳ ಕೆಲಸ. ಒಂದು ಜಾತಿಯ ಕಂಪ್ಯೂಟರಿನಲ್ಲಿ ಹುಟ್ಟಿದ ಪ್ರೋಗ್ರಾಮು ಇನ್ನೊಂದು ಜಾತಿಯದರಲ್ಲಿ ತಾನಾಗಿ ಓಡುವುದಿಲ್ಲ. ಅದಕ್ಕೆ ಬೇಕಾದ ಅಕ್ಷರ, ಚಿತ್ರ, ಸದ್ದು, ಇನ್ನೂ ನೂರೆಂಟು ಚಿಲ್ಲರೆ ಸಾಮಾನನ್ನು ಜೊತೆಗೇ ಕಟ್ಟಿ ಕಳಿಸಬೇಕು. ಒಂದು ಬಿಟ್ಟುಹೋದರೂ ಹೋದಲ್ಲಿ ಅದು ಪಿಳಿಪಿಳಿ ಕಣ್ಣು ಬಿಡುತ್ತದೆ.

ಅವಳ ಮೇಜಿನ ಪಕ್ಕ, ಕಿಟಕಿಯ ಕೆಳಗೆ, ಒಂದು ಹಳೇ ಕಂಪ್ಯೂಟರು. ಪ್ರತಿ ಸಲ ಅದನ್ನು ಪೂರ್ತಿ ಅಳಿಸಿ, ಬೇಕಾದ ಆಪರೇಟಿಂಗ್ ಸಿಸ್ಟಮ್ ಒಂದನ್ನು ಮಾತ್ರ ಹಾಕಿಡುತ್ತಿದ್ದಳು. ಬೇರೆ ಆಸ್ತಿಪಾಸ್ತಿ ಏನೂ ಇಲ್ಲದ ಅದಕ್ಕೆ ಬೈರಾಗಿ ಎಂದು ಹೆಸರು. ಬೈರಾಗಿಯ ಮೇಲೆ ಓಡದ ಮೂಟೆ ಹೊಸಿಲು ದಾಟುವಂತಿರಲಿಲ್ಲ. “ನನ್ ಕಂಪ್ಯೂಟರಲ್ಲಿ ಚೆನ್ನಾಗೇ ಓಡ್ತಿದೆ ಅಕ್ಕ” ಎಂದು ಯಾರಾದರೂ ರಾಗ ಎಳೆದರೆ, “ಅವರವರ ಮನೇಲಿ ಅವರವರು ಜಾಣರೇ ಕಣಪ್ಪ. ಬೈರಾಗಿ ಒಪ್ಪಲಿ” ಎನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಈ ಮಾತು ತಪ್ಪಿರಲಿಲ್ಲ.

ತಪ್ಪಿದ್ದು ಅಣ್ಣನ ವಿಷಯದಲ್ಲಿ. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಅಣ್ಣನ ಬಲಗೈಯೂ ಮಾತೂ ಹೋಗಿದ್ದವು. ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಆ ಮಾತನ್ನು ಜೋರಾಗಿ ಹೇಳುವ ಪ್ರೋಗ್ರಾಮೊಂದು ಅವನ ಬಾಯಾಗಿತ್ತು. ಈಗ ಅದಿದ್ದ ಅವನ ಹಳೇ ಕಂಪ್ಯೂಟರು ಕೆಟ್ಟು ಎರಡು ತಿಂಗಳು. ಅವನ ಮಗಳು ತಂದುಕೊಟ್ಟ ಹೊಸದು ಬೇರೆ ಜಾತಿಯದು, ಪ್ರೋಗ್ರಾಮು ಅದರಲ್ಲಿ ಏಳಲೇ ಇಲ್ಲ. ಅಣ್ಣ ಮತ್ತೆ ಮೂಕನಾದ. ಅವನು ಎಡಗೈ ಆಡಿಸಿ ಏನೋ ಹೇಳುವುದು, ಅತ್ತಿಗೆ ನೀರೋ ದಿಂಬೋ ತಂದುಕೊಡುವುದು, ಅವನು ಅಲ್ಲವೆಂದು ತಲೆ ಆಡಿಸುವುದು. ಈಚೆಗೆ ತಲೆ ಆಡಿಸುವುದನ್ನೂ ಬಿಟ್ಟಿದ್ದ.

ಹಾಗಾಗಿ ಅವಸರ. ನಾಲ್ಕು ರಜಾದಿನ ಕೂತು ಪ್ರೋಗ್ರಾಮನ್ನು ಹೊಸ ಜಾತಿಗೆ ಹೊಂದಿಸಿ ಕಟ್ಟಿದಳು. ತನ್ನದೇ ಕಂಪ್ಯೂಟರಿನಲ್ಲಿ ಚಿತ್ರ ಮುಟ್ಟಿದಳು. “ನೀರು” ಎಂದಿತು. ಖುಷಿಗೆ ಕಣ್ಣು ಮಂಜಾಯಿತು. ಬೈರಾಗಿಯ ನೆನಪೂ ಆಗದೆ ನೆಟ್ಟಗೆ ಅಣ್ಣನ ಮನೆಗೆ ನಡೆದಳು.

ಅಲ್ಲಿ ಚಿತ್ರಗಳೆಲ್ಲ ಬಂದವು. ಅಣ್ಣ ಎಡಗೈ ಬೆರಳು ಚಾಚಿ ಒಂದನ್ನು ಮುಟ್ಟಿದ. ಸದ್ದಿಲ್ಲ. ಇನ್ನೊಂದನ್ನು ಮುಟ್ಟಿದ. ಸದ್ದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅವನು ತಂಗಿಯ ಮುಖ ನೋಡಿದ, ಕಂಪ್ಯೂಟರನ್ನು ಆಚೆ ತಳ್ಳಿದ, ಗೋಡೆಯ ಕಡೆ ತಿರುಗಿದ.

“ಹೋಗ್ಲಿ ಬಿಡಮ್ಮ. ಅವರಿಗೆ ಏನ್ ಬೇಕು ಅಂತ ನಂಗ್ ಗೊತ್ತಾಗುತ್ತೆ” ಎಂದರು ಅತ್ತಿಗೆ.

“ತಪ್ಪು ನಂದೇ ಅಣ್ಣ. ನಾಳೆ ಬರ್ತೀನಿ” ಎಂದು ಹೊರಟವಳಿಗೆ ದಾರಿಯುದ್ದಕ್ಕೂ ನಾಚಿಕೆ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಊರಿಗೆಲ್ಲ ಉಪದೇಶ ಮಾಡಿದವಳು ತನ್ನ ಒಡಹುಟ್ಟಿದವನಿಗೇ ಹೀಗೆ ಮಾಡಿದ್ದಳು.

ಮಾರನೆಯ ದಿನ ಬೈರಾಗಿಯನ್ನು ಅಳಿಸಿ, ಅಣ್ಣನ ಕಂಪ್ಯೂಟರಿನ ಜಾತಿಯ ಆಪರೇಟಿಂಗ್ ಸಿಸ್ಟಮನ್ನೇ ಹಾಕಿ, ಮೂಟೆ ಬಿಚ್ಚಿದಳು. ಬೈರಾಗಿಯೂ ಬಾಯಿ ಬಿಡಲಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು. ಇಲ್ಲೂ ಕೆಟ್ಟಿದೆಯೆಂದರೆ ಕಳ್ಳ ಕೈಗೆ ಸಿಕ್ಕ ಹಾಗೆ. ಹುಡುಕಿದರೆ, ಧ್ವನಿಯ ಫೈಲುಗಳು ಮೂಟೆಗೆ ಬಿದ್ದೇ ಇರಲಿಲ್ಲ. ಮೊದಲ ದಿನ ಪ್ರಯೋಗಕ್ಕೆಂದು ಅವನ್ನು ತನ್ನ ಕಂಪ್ಯೂಟರಿಗೆ ಹಾಕಿಕೊಂಡಿದ್ದಳು. ಪ್ರೋಗ್ರಾಮು ಅಲ್ಲಿಂದಲೇ ಎತ್ತಿಕೊಂಡು ಮಾತಾಡಿತ್ತು. ಅವನ್ನೂ ಸೇರಿಸಿ ಕಟ್ಟಿದಳು. ಬೈರಾಗಿಯನ್ನು ಇನ್ನೊಮ್ಮೆ ಅಳಿಸಿ, ಮೂಟೆ ಬಿಚ್ಚಿ, ಚಿತ್ರ ಮುಟ್ಟಿದಳು. “ನೀರು” ಎಂದಿತು.

ಸಂಜೆ ಅಣ್ಣ ಕಂಪ್ಯೂಟರಿನ ಕಡೆ ತಿರುಗಲೂ ಒಲ್ಲ. “ಇದೊಂದ್ ಸಲ. ನನ್ ಮೇಲೆ ಸಿಟ್ಟಿದ್ರೆ ಅದನ್ನೇ ಒತ್ತು” ಎಂದಳು.

ಅವನು ಮೆಲ್ಲಗೆ ಈ ಕಡೆ ಹೊರಳಿದ. ಆಮೇಲೆ ನಿಧಾನವಾಗಿ ಹುಡುಕಿ ಒಂದು ಚಿತ್ರ ಮುಟ್ಟಿದ. “ಕತ್ತೆ” ಎಂದಿತು ಕಂಪ್ಯೂಟರು. ಚಿಕ್ಕಂದಿನಲ್ಲಿ ಅವನು ಬೈದಾಗಲೆಲ್ಲ ಅಮ್ಮನ ಹತ್ತಿರ ದೂರು ಒಯ್ಯುತ್ತಿದ್ದವಳು, ಈಗ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸದ್ದು ಕೇಳಿ ಅತ್ತಿಗೆ ಒಳಗಿನಿಂದ ಓಡಿಬಂದರು. “ಏನ್ ಬೇಕಿತ್ತು? ನೀರ್ ತರ್ಲಾ? ದಿಂಬು ಸರಿ ಮಾಡ್ಲಾ?”

ಅಣ್ಣ ಒಂದಾದ ಮೇಲೊಂದು ಮೂರು ಚಿತ್ರ ಮುಟ್ಟಿದ.

“ಏನೂ ಬೇಡ. ನೀನು. ಕೂತ್ಕೋ.”

ಅತ್ತಿಗೆ ಒರೆಸುವ ಬಟ್ಟೆ ಹಿಡಿದು ನಿಂತೇ ಇದ್ದರು. “ಎರಡ್ ತಿಂಗಳಿಂದ ಕೈ ಆಡಿಸಿ ಹೇಳ್ತಾ ಇದ್ದಿದ್ದು ಇದನ್ನೇನಾ?”

“ಹೌದು.”

ಅತ್ತಿಗೆ ಮಂಚದ ಅಂಚಿನಲ್ಲಿ ಕೂತರು.